ಐದನೆಯ ಗೆರೆ

ಲೆರೊಥೊಲಿಯ ಕುದುರೆ ಬೇಲಿಗೆ ಬಂದು ನಿಂತಾಗ
ಹತ್ತೂವರೆ. ಅವನ ಮೀಸೆಯ ಮೇಲೆ ಇನ್ನೂ ಹಿಮ.
ಕಂಬಳಿಯೊಳಗಿಂದ ಪೆಟ್ಟಿಗೆ ತೆಗೆದು ಕೊಟ್ಟ,
ನಿದ್ದೆಹೋದ ಕೂಸನ್ನು ಕೈ ಬದಲಿಸುವ ಹಾಗೆ.
ಏಳು ಡಬ್ಬಿ. ಏಳು ಹಳ್ಳಿಯ ಕಫ.
"ಮೂರನೆಯದು ಪುಲಾನೆಯದು," ಅಂದ,
"ಬೆಳಗಿನ ಜಾವ ಎದ್ದು ಕೆಮ್ಮಿ ಕೆಮ್ಮಿ ಕೊಟ್ಟಳು.
ಸಾಕಾಗದಿದ್ದರೆ ಬೈಯಬೇಡ, ತಂಗಿ."

ಕಫವೆಂದರೆ ಎಲ್ಲರೂ ಮುಖ ತಿರುಗಿಸುತ್ತಾರೆ.
ನನಗೆ ಅದೇ ಅನ್ನ.

ಔಷಧಿನೀರು ಸುರಿದು ಕುಲುಕಿ, ಹದಿನೈದು ನಿಮಿಷ ಬಿಟ್ಟು,
ಮಸಿಕುಡಿಕೆಯಷ್ಟೇ ಇರುವ ಕಾರ್ಟ್ರಿಜ್‌ಗೆ ಇಳಿಸಿ
ಬಾಗಿಲು ಹಾಕುತ್ತೇನೆ. ನಾಲ್ಕು ಬಾಗಿಲಿನ ಯಂತ್ರ;
ಎರಡನೆಯದು ಹೋದ ಚಳಿಗಾಲದಿಂದ ಕೆಟ್ಟಿದೆ,
ನಾನು ಬರೆದ ಪತ್ರ ಮಸೇರುವಿನಲ್ಲಿ ಎಲ್ಲೋ ಮಲಗಿದೆ.
ಹಸಿರು ದೀಪ ಮಿಣುಕುತ್ತದೆ. ಇನ್ನು ಎರಡು ಗಂಟೆ
ಕರೆಂಟು ಹೋಗದಿರಲಿ.
ಈ ಪ್ರಾರ್ಥನೆಗೆ ದೇವರೇ ಬೇಕೆಂದಿಲ್ಲ, ಡೀಸೆಲ್ ಸಾಕು.

ಒಳಗೆ ಏನು ನಡೆಯುತ್ತದೆ ಎಂದು ಲೆರೊಥೊಲಿ ಕೇಳುತ್ತಾನೆ
ಪ್ರತಿ ಮಂಗಳವಾರ, ಚಹಾ ಕೈಗೆ ಬಂದ ಮೇಲೆ.
ಪ್ರತಿ ಮಂಗಳವಾರ ಬೇರೆ ಏನೋ ಹೇಳುತ್ತೇನೆ.
ಇವತ್ತು ಹೇಳಿದೆ: ಕ್ರಿಮಿಯ ಹೊಟ್ಟೆಯಲ್ಲೊಂದು ಪುಸ್ತಕ,
ನಾಲ್ಕೇ ಅಕ್ಷರದ ಭಾಷೆ, ಒತ್ತಿಲ್ಲ, ದೀರ್ಘವಿಲ್ಲ.
ಯಂತ್ರ ಅದರ ಒಂದೇ ಸಾಲನ್ನು ಲಕ್ಷ ಸಲ ನಕಲು ಮಾಡಿ
ಐದು ಜನರಿಗೆ ಓದಲು ಕೊಡುತ್ತದೆ.
ಓದಿದವರು ದೀಪ ಹಚ್ಚಬೇಕು.
ಯಾರಾದರೂ ಒಬ್ಬರು ಕತ್ತಲಲ್ಲೇ ಉಳಿದರೆ
ಅವರ ಪಾಲಿನ ಪದವನ್ನು ಯಾರೋ ತಿದ್ದಿದ್ದಾರೆ ಅಂತ.
"ತಿದ್ದಿದ್ದು ಯಾರು?"
ಅರ್ಧಕ್ಕೆ ಬಿಟ್ಟ ಮಾತ್ರೆ, ಅಂದೆ.
ಬಾರದೆ ಹೋದ ಲಾರಿ. ಹದಿನಾರು ಗಂಡಸರನ್ನು
ಒಂದೇ ಕಿಟಕಿಗೆ ಮಲಗಿಸಿದ ಗಣಿಯ ಹಾಸ್ಟೆಲು.

ನನ್ನಪ್ಪ ಚಿನ್ನದ ಗಣಿಯಲ್ಲಿದ್ದ. ಊರಿನ ಹೆಸರು ವೆಲ್ಕಮ್;
ನಗಬೇಡಿ. ಹದಿನೆಂಟು ವರ್ಷ ದುಡಿದು ಅವನು ತಂದದ್ದು
ಒಂದು ರೇಡಿಯೊ, ಒಂದು ತಗಡಿನ ಟ್ರಂಕು, ಕೆಮ್ಮು.
ಆಗ ಈ ಯಂತ್ರವಿಲ್ಲ. ಅವನ ಕಫ ಬಸ್ಸು ಹತ್ತಿ ಹೋಗಿ
ಯಾವುದೋ ಕಾವುಪೆಟ್ಟಿಗೆಯಲ್ಲಿ ಕೂತು
ಕ್ರಿಮಿ ಮೊಳೆಯಲೆಂದು ಕಾಯಿತು. ಅಪ್ಪನೂ ಕಾದ.
ಕೆಂಪು ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.
ಅದು ಉಚ್ಚೆಯನ್ನು ಕಿತ್ತಳೆ ಮಾಡುತ್ತದೆ.
"ನೋಡು, ಮದ್ದು ಹಿಡಿಯುತ್ತಿದೆ" ಎಂದು
ಅವ್ವನನ್ನು ಕೂಗಿ ಕರೆದು ತೋರಿಸುತ್ತಿದ್ದ.
ಕೊನೆಕೊನೆಗೆ ಕಣ್ಣೀರೂ ಕಿತ್ತಳೆ;
ಒರೆಸಿದ ಬಟ್ಟೆಯ ಕಲೆ ಒಗೆದರೂ ಹೋಗಲಿಲ್ಲ.
ಮದ್ದು ಅವನನ್ನು ಹಿಡಿದಿತ್ತು. ಕ್ರಿಮಿಯನ್ನಲ್ಲ.
ಗುಂಡಿಯ ಮೇಲೆ ಹುಲ್ಲು ಬಂದ ಮೇಲೆ
ಮೊಹರು ಸಮೇತ ಉತ್ತರ ಬಂತು:
ಸದರಿ ಔಷಧಿ ನಾಟುವುದಿಲ್ಲ.

ಮುಕ್ಕಾಲು ಗಂಟೆಗೆ ಒಂದು ಸಲ ದೀಪ ಮಂಕಾಗಿ ಮತ್ತೆ ಬಂತು.
ಆಮೇಲೆ ಪರದೆಯಲ್ಲಿ ಗೆರೆಗಳು ಎದ್ದವು,
ಒಂದು, ಎರಡು, ಮೂರು, ನಾಲ್ಕು,
ಕಿಟಕಿಯಾಚೆಯ ಬೆಟ್ಟಗಳ ಹಾಗೆಯೇ ಏರಿದವು.
ಐದನೆಯದು ಏಳಲೇ ಇಲ್ಲ.
ಬಯಲೆಂಬುದೇ ಇಲ್ಲದ ಈ ಸೀಮೆಯಲ್ಲಿ
ಅಷ್ಟು ಸಪಾಟಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.
ಒಂದೇ ಒಂದು ಅಕ್ಷರ.
ಅಕ್ಷರಕ್ಕೆ ಅಳಿವಿಲ್ಲ ಅನ್ನುತ್ತಾರೆ, ನಿಜ.
ಅಳಿಯುವವರು ನಾವು.

ಪುಲಾನೆಗೆ ಹತ್ತೊಂಬತ್ತು. ಕೆಂಪು ಮಾತ್ರೆ ಕೊಡಬೇಡಿ,
ಎಂದು ಬರೆದೆ, ಎರಡು ಸಲ ಅಡಿಗೆರೆ ಎಳೆದೆ.
ಬೇರೆ ಮದ್ದು ಗುರುವಾರದ ಗಾಡಿಯಲ್ಲಿ,
ಕಣಿವೆಯ ದಾರಿ ತೆರೆದಿದ್ದರೆ.
ತೆರೆದಿರದಿದ್ದರೆ, ಅದನ್ನು ಬರೆಯಲಿಲ್ಲ.

ಲೆರೊಥೊಲಿ ಚೀಟಿಯನ್ನು ಹುಲ್ಲುಟೋಪಿಯೊಳಗೆ ಸಿಕ್ಕಿಸಿಕೊಂಡ.
"ಕೆಟ್ಟ ಸುದ್ದಿಯೋ?"
ಕೆಟ್ಟದ್ದೇ. ಆದರೆ ಇವತ್ತಿನದು.

ಅವನ ಕುದುರೆ ಇನ್ನೂ ಅದೇ ಹುಲ್ಲಿನ ಕಟ್ಟನ್ನು ಮೇಯುತ್ತಿತ್ತು.
ಬಾಯಿಂದ ಎಳೆದು ಬಿಡಿಸಬೇಕಾಯಿತು.