ಮರು ಎಣಿಕೆ

ಈಜುಕೊಳದ ಪಕ್ಕದ ಹಾಲಿನಲ್ಲಿ
ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮೇಜು ಹಾಕಿ,
ಹೆಬ್ಬೆರಳಿಗೆ ರಬ್ಬರ್ ಟೋಪಿ ತೊಟ್ಟು
ಮೂರನೇ ಸಲ ಎಣಿಸಿದೆವು.
ನಾನೂರ ಹನ್ನೆರಡು. ನಾನೂರ ಹನ್ನೆರಡು.

ಒಂದು ಚೀಟಿಯಲ್ಲಿ ಯಾರೋ
ಕಡಲಹಕ್ಕಿ ಬಿಡಿಸಿದ್ದರು, ಕೊಕ್ಕಿನ ಮೀನು ಸಮೇತ.
ಬಾಲವಷ್ಟೇ ಥೆಲ್ಮಾಳ ಚೌಕಕ್ಕೆ ತಾಗಿತ್ತು.
ಅಸಿಂಧು, ಅಂದರು.
ಚಿತ್ರ ಚೆನ್ನಾಗಿದೆ, ಅಂದಳು ಥೆಲ್ಮಾ.

ಕೊನೆಗೆ ಬಿಸ್ಕತ್ತಿನ ಡಬ್ಬಿಯೊಳಗೆ
ಎರಡು ಹೆಸರು ಮಡಿಸಿ ಹಾಕಿ
ಅಧಿಕಾರಿ ಕಣ್ಮುಚ್ಚಿ ಎತ್ತಿದ: ಡೆರೆಕ್ ಪಿಲ್ಚರ್.
ಚಪ್ಪಾಳೆ. ಕ್ಲೋರಿನ್ ವಾಸನೆ.

ಬೆಳಿಗ್ಗೆ ಏಳಕ್ಕೆ, ಕಡಲಗೋಡೆಯ ಬಳಿ,
ಅವಳ ಚಹಾದಂಗಡಿಯ ಶಟರ್
ಉಪ್ಪು ಹಿಡಿದು ಅರ್ಧಕ್ಕೇ ನಿಂತಿತು.
ಹೊಸ ಕೌನ್ಸಿಲರ್ ಬಗ್ಗಿ ಹೆಗಲು ಕೊಟ್ಟ.
ಒಂದು ಟೀ, ಅಂದ, ಮುಖ ನೋಡದೆ.
ಚಿಲ್ಲರೆಯನ್ನು ಅವನಂಗೈಗೆ
ಒಂದೊಂದೇ ಹಾಕಿದಳು, ಗಟ್ಟಿಯಾಗಿ ಹೇಳುತ್ತ:

ಸರಿಯಿದೆಯಾ?
ಇನ್ನೊಮ್ಮೆ ಎಣಿಸಲಾ?