ತಾಳಿಕೆ

ಭೋಸರಿಯ ಬೇರಿಂಗ್ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷದಿಂದ ಅಳೆಯುವುದೇ ನನ್ನ ಕೆಲಸ.
ಒಂದು ಕೂದಲನ್ನು ಹತ್ತು ಸೀಳು ಮಾಡಿದರೆ ಎಷ್ಟೋ
ಅಷ್ಟು ಹೆಚ್ಚಾದರೆ ಕೆಂಪು ತೊಟ್ಟಿ,
ಅಷ್ಟರೊಳಗಿದ್ದರೆ ಪಾಸು.
ಆ ಅಷ್ಟಕ್ಕೆ ಟಾಲರೆನ್ಸ್ ಅಂತ ಹೆಸರು.
ಹೊಸ ಹುಡುಗರಿಗೆ ಕಲಿಸುವವನೂ ನಾನೇ.

ಅದೇ ಕೈಯನ್ನು ಈಗ ಫ್ರೇನಿಬಾಯಿ
ದಿಂಬಿನ ಮೇಲೆ ಅಂಗಾತ ಇಡಿಸಿದ್ದಾರೆ,
ರಿಪೇರಿಗೆ ಬಂದ ಮಾಲಿನ ಹಾಗೆ.

ಕ್ಯಾಂಪಿನ ಹಳೆ ಮನೆಯ ಮಾಳಿಗೆ. ಕೆಳಗೆ ಬೇಕರಿ.
ಬೆಣ್ಣೆ ಬಿಸ್ಕೀಟಿನ ವಾಸನೆ ಏರಿದಾಗಲೆಲ್ಲ
ನನ್ನ ಹೊಟ್ಟೆ ಗುರ್ ಅನ್ನುತ್ತದೆ,
ಮಹಾನಂದಾ ಸೆರಗಿನೊಳಗೆ ನಗುತ್ತಾಳೆ.
ಈಕೆ ಡಾಕ್ಟರಲ್ಲ. ಗುರುವೂ ಅಲ್ಲ.
ಅರವತ್ತು ದಾಟಿದ ಹೆಂಗಸು, ಮೊಣಕಾಲಿಗೆ ಪಟ್ಟಿ,
ಗಂಡಹೆಂಡಿರ ಮೈಗೆ ಮಾತು ಕಲಿಸುತ್ತಾರಂತೆ.
ಚಪ್ಪಲಿ ಬಿಟ್ಟರೆ ಬೇರೇನೂ ಬಿಚ್ಚಿಸುವುದಿಲ್ಲ.
ಆದರೂ ಮೊದಲ ವಾರ ಫೀಸಿನ ಲಕೋಟೆಯನ್ನು
ಬನಿಯನ್ನಿನೊಳಗೆ ಬಚ್ಚಿಟ್ಟು ತಂದಿದ್ದೆ.

ನಾಲ್ಕು ವರ್ಷವಾಗಿತ್ತು.
ಚಹಾದ ಬಟ್ಟಲು ಕೈಯಿಂದ ಕೈಗೆ ಬರುವಾಗಲೂ
ಬೆರಳು ಬೆರಳಿಗೆ ದಾರಿ ಬಿಟ್ಟು ಸರಿಯುತ್ತಿದ್ದವು,
ಕೋರ್ಟಿಗೆ ಹೋದ ಅಣ್ಣತಮ್ಮಂದಿರ ಹಾಗೆ.

"ಏನನ್ನಿಸುತ್ತದೆ? ಎಲ್ಲಿ?" ಕೇಳಿದರು ಹಿಂದಿಯಲ್ಲಿ.
ಹಿಂದಿಯಲ್ಲಿ ತಡಕಾಡಿದೆ, ಮರಾಠಿಯಲ್ಲಿ ತಡಕಾಡಿದೆ,
ಎರಡರಲ್ಲೂ ನನಗೆ ಸಿಕ್ಕಿದ್ದು ಬಾಡಿಗೆಯ ಮಾತು,
ಸಂತೆಯ ಮಾತು, ಶಿಫ್ಟಿನ ಮಾತು.
ಅಂಗೈ ನೋಡುತ್ತ "ಜುಂ" ಅಂದೆ. "ಅಳುಕು" ಅಂದೆ.
"ಹೊಟ್ಯಾಗ ಕಸಿವಿಸಿ" ಅಂದಳು ಮಹಾನಂದಾ, ನೆಲ ನೋಡುತ್ತ.
ಅರ್ಥ ಕೇಳಲಿಲ್ಲ ಫ್ರೇನಿಬಾಯಿ.
ಮೂರನ್ನೂ ಗುಜರಾತಿ ಅಕ್ಷರದಲ್ಲಿ
ಒಂದರ ಕೆಳಗೊಂದು ಬರೆದುಕೊಂಡರು.

ಆಮೇಲೆ ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರಕ್ಕೆ
ಮೂರು ನಿಮಿಷ ಕೀಲಿ ಕೊಟ್ಟರು.
ಬೇಕಾದ್ದು ಕೇಳಬೇಕು ನಾನು.
ಹೂಂ ಅಂದರೆ ಮಾತ್ರ ಮುಟ್ಟಬೇಕು.

"ಕೊರಳ ಹಿಂದ ಮುಟ್ಟಲೇನು?"
ಸಾಲ ಕೇಳುವವನ ದನಿ ಬಂತು ನನಗೆ.
ಟೊಮ್ಯಾಟೊ ಟಿಕ್ ಟಿಕ್ ಅಂತಿತ್ತು.

"ಬ್ಯಾಡ."

ತರಕಾರಿಯವನಿಗೆ ಅಂದಿದ್ದಳು.
ಸೀರೆ ಅಂಗಡಿಯಲ್ಲಿ, ಹರವಿದ ಹನ್ನೆರಡು ಸೀರೆಗೂ ಅಂದಿದ್ದಳು.
ಇಪ್ಪತ್ತ್ಮೂರು ವರ್ಷದಲ್ಲಿ ನನಗೆ ಅಂದಿರಲಿಲ್ಲ.

ಹಾಗಾದರೆ ಗೋಡೆಗೆ ತಿರುಗಿದ ಆ ಮುಖ?
ದೀಪ ಆರಿಸಿದ ಮೇಲಿನ ಆ ಸುಮ್ಮನಿರುವಿಕೆ?
ಪಾಸು ಅಂತ ಮುದ್ರೆ ಒತ್ತಿದ ರಾತ್ರಿಗಳಲ್ಲಿ
ಎಷ್ಟು ಕೆಂಪು ತೊಟ್ಟಿಯವು?
ತಾಳಿದವನು ಬಾಳಿಯಾನು ಅನ್ನುತ್ತಿದ್ದಳು ನನ್ನವ್ವ.
ಬಾಳಿದವನು ನಾನು, ತಾಳಿದವಳು ಈಕೆ.
ಆ ಶಬ್ದವನ್ನು ಕರಿಮಣಿಯಲ್ಲಿ ಪೋಣಿಸಿ
ಅವಳ ಕೊರಳಿಗೆ ಕಟ್ಟಿದವನೂ ನಾನೇ,
ವಾಲಗ ಎಷ್ಟು ಜೋರಾಗಿತ್ತು ಅಂದರೆ
ಯಾರಿಗೂ ಏನೂ ಕೇಳಿಸುವಂತಿರಲಿಲ್ಲ.

"ಕೈ ತಗೊ. ಆದರೆ ಎದ್ದು ಹೋಗಬೇಡ" ಅಂದರು ಫ್ರೇನಿಬಾಯಿ.
ಹೋಗಲಿಲ್ಲ. ಉಳಿದ ಎರಡು ನಿಮಿಷ
ನನ್ನ ಜೀವಮಾನದ ಅತಿ ಉದ್ದದ ಶಿಫ್ಟು.
ಟೊಮ್ಯಾಟೊ ಕಿರುಚಿತು.
ಅದು ಕಿರುಚಿ ಮುಗಿದ ಮೇಲೆ, ಯಾರೂ ಕೇಳದೆ,
"ಮೊಣಕೈ ಆದ್ರ ಅಡ್ಡಿಯಿಲ್ಲ" ಅಂದಳು ಮಹಾನಂದಾ.

ಮೊಣಕೈ. ಒರಟು, ಒಣ,
ಕಟ್ಟೆಗೆ ಊರಿ ಊರಿ ಕಪ್ಪಾದದ್ದು.
ಮುಟ್ಟಿದೆ. ಅಳೆಯಲಿಲ್ಲ.

ಮರಳಿ ಬರುವಾಗ ಖಡ್ಕಿಯ ಸಿಗ್ನಲ್ಲು.
ಯಾವತ್ತೂ ಸ್ಕೂಟರಿನ ಹಿಂದಿನ ಕಂಬಿ ಹಿಡಿದು ಕೂರುವವಳು
ಕಿವಿಯ ಹತ್ತಿರ ಬಗ್ಗಿ,
"ನಡ ಹಿಡಕೊಳ್ಳಲೇನು?" ಅಂದಳು.
ಬೆನ್ನು ಪೂರಾ ಜುಂ ಅಂತು.
"ತಡೀ ಸ್ವಲ್ಪ" ಅಂದೆ ನಾನು,
ನನಗೂ ಅನ್ನಲು ಬರುತ್ತದಲ್ಲ ಅಂತ ನನಗೇ ಬೆರಗು.
ಅವಳು ನಕ್ಕಿದ್ದು ಹೆಲ್ಮೆಟ್ಟಿಗೆ ತಾಗಿತು.

ಸೇತುವೆ ಹೋಯಿತು. ದಾಪೋಡಿ ಹೋಯಿತು.
ಜ್ವಾಳದ ಹಿಟ್ಟು ತರೋದಿತ್ತು ಅಂತ ನೆನಪಾಯಿತು.
ನಾಶಿಕ್ ಫಾಟಾದ ಹಾರ್ನುಗಳ ನಡುವೆ
"ಈಗ ಹಿಡಿ" ಅಂದೆ.
ಕೇಳಿಸಲಿಲ್ಲವೇನೋ.

ಮತ್ತೊಮ್ಮೆ ಅಂದೆ, ಜೋರಾಗಿ, ಕನ್ನಡದಲ್ಲಿ.