ಕಾಟಾ

ದಾವಣಗೆರೆಯ ಆ ಎರಡನೇ ಮಹಡಿಯ ಕೋಣೆಯಲ್ಲಿ
ಫ್ಯಾನಿನ ಕೆಳಗೆ ಐದು ಜನ, ಒಂದೇ ಬೆಂಚು.
"ನಿಮ್ಮ ಯೋಜನೆಯಲ್ಲಿ ಹೊಸತೇನು?" ಅಂದರು ಮೇಡಂ.
ಗಾದ್ರೀಶ ನನ್ನ ಮುಖ ನೋಡಿದ, ನಾನು ದಾದಾಪೀರನ ಮುಖ.
ಹೊಸತೇನಿಲ್ಲ ಮೇಡಂ, ಒಂದು ತಕ್ಕಡಿ, ಅಂದೆ.
ಕರೆಂಟಿನದು, ನೂರೈವತ್ತು ಕೆಜಿ ತೂಗುವುದು.
ಊರ ಬೇವಿನ ಮರದ ಕೆಳಗಿಡುತ್ತೇವೆ,
ಮಾರುವ ಮುಂಚೆ ಯಾರು ಬೇಕಾದರೂ ತೂಗಿಕೊಳ್ಳಲಿ.

ಅವರು ಬರೆದುಕೊಂಡರು. ಬಹಳ ಹೊತ್ತು ಬರೆದುಕೊಂಡರು.
ಒಂದು ಸಾಲಿನ ಮಾತಿಗೆ ಅಷ್ಟು ಬರೆಯುವುದೇನಿತ್ತೋ.

ಹದಿನೆಂಟು ಸಾವಿರ ಬಂತು, ಎರಡು ಕಂತಿನಲ್ಲಿ.
ಚಳ್ಳಕೆರೆಯಿಂದ ನಮ್ಮ ಹಟ್ಟಿಗೆ
ಬಸ್ಸಿನ ಟಾಪಿನ ಮೇಲೆ ಬಂತು ಕಾಟಾ,
ಕಂಬಳಿ ಸುತ್ತಿಸಿಕೊಂಡು, ಬಾಣಂತಿಯ ಹಾಗೆ.
ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ.
ಟಿಕೆಟ್ಟು ಲಗತ್ತಿಸಿದೆ.

ಮೊದಲ ದಿನ ತೂಗಿಸಿಕೊಂಡದ್ದು
ಎರಡು ಮೇಕೆ, ಅಂಗನವಾಡಿಯ ಎಂಟು ಕೂಸು,
ಪಾಲಯ್ಯಜ್ಜ. ನಲವತ್ತೊಂದು ಕೆಜಿ,
ಕೋಲು ಕೆಳಗಿಟ್ಟರೆ ನಲವತ್ತು.
ಶೇಂಗಾ ಚೀಲ ಹೊತ್ತವರು ಮಾತ್ರ
ಬೇವಿನ ಮರ ಬಂದಾಗ ರಸ್ತೆಯ ಆ ಬದಿಗೆ ಸರಿದರು.
ಮಂಡಿಯ ಸಾಹುಕಾರ ಗಾದ್ರೀಶನ ಸೋದರಮಾವ.
ನಂಬಿಕೆ ಮೇಲೆ ನಡೆಯುವ ಊರಲ್ಲಿ
ತೂಗಿ ನೋಡುವುದೆಂದರೆ ಬೈದ ಹಾಗೆ.

ಮೂರು ವಾರ ಸೊನ್ನೆ.
ಕೆಂಪು ಸೊನ್ನೆ, ಚುಕ್ಕಿ, ಮತ್ತೆ ಮೂರು ಸೊನ್ನೆ.
ಸಂಜೆ ಹೊದಿಕೆ ಹಾಕುವಾಗ ಉದುರಿದ ಎಲೆ ಒರೆಸುತ್ತಿದ್ದೆ;
ಎಲೆಯನ್ನು ಅದು ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಬೋರಕ್ಕ ಬಂದದ್ದು ಕತ್ತಲಾದ ಮೇಲೆ,
ತಲೆಯ ಮೇಲೆ ಪುಟ್ಟಿ ತುಂಬ ಬೀಜ ಬಿಡಿಸಿದ ಹುಣಸೆ.
ಕೆಜಿಗೆ ಇಷ್ಟು ಅಂತ ಕೂಲಿ;
ಉಗುರ ಸಂದಿಯಲ್ಲಿ ತೊಳೆದರೂ ಹೋಗದ ಕಪ್ಪು.
ಪುಟ್ಟಿ ಕಳೆದು ಹನ್ನೊಂದು ಕೆಜಿ ಮುನ್ನೂರು, ಅಂತು ಕಾಟಾ.
"ಸರಿಯಾಗಿ ನೋಡವ್ವ."
ಇಳಿಸಿ ಮತ್ತೆ ಇಟ್ಟೆ.
"ಮಂಡಿಯಾಗೆ ಯಾವಾಗ್ಲೂ ಹತ್ತು.
ಈ ಪುಟ್ಟಿ ತುಂಬಿದ್ರೆ ಹತ್ತು."
ಎಷ್ಟು ವರ್ಷದಿಂದ ಅಂತ ನಾನು ಕೇಳಬಾರದಿತ್ತು.
ಬೆರಳು ಮಡಚತೊಡಗಿದಳು,
ಒಂದು ಕೈ ಮುಗಿಯಿತು, ಇನ್ನೊಂದು ತೆಗೆದಳು,
ಆಮೇಲೆ ಎರಡೂ ಬಿಟ್ಟು
ಪುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಒಂಬತ್ತು ಪುಟ್ಟಿ.
ಯಾರೂ ದನಿ ಎತ್ತಲಿಲ್ಲ.
ತೂಗಿದರು, ಚೀಟಿ ಬರೆಸಿಕೊಂಡರು,
ಗಾಳಿಗೆ ಹಾರದ ಹಾಗೆ ಹುಣಸೆಗೇ ಅಂಟಿಸಿಕೊಂಡು
ಸಾಲಾಗಿ ಮಂಡಿಗೆ ನಡೆದರು.

ಶುಕ್ರವಾರ ನಸುಕಿನಲ್ಲಿ ಕಸ ಗುಡಿಸಲು ಬಂದರೆ
ಕಾಟಾದ ಮೇಲೆ ಒಂದು ತೂಕದ ಕಲ್ಲು.
ಐದು ಕೆಜಿ ಎಂದು ಎರಕ ಹೊಯ್ದ ಕಬ್ಬಿಣ.
ಮಂಡಿಯ ಹಮಾಲ ಇಟ್ಟನೋ, ಸಾಹುಕಾರನ ಹೆಂಡತಿಯೋ,
ಹಿಂದಿನ ರಾತ್ರಿ ಮಾವನ ಮನೆಯಲ್ಲಿ ಉಂಡು ಬಂದ ಗಾದ್ರೀಶನೋ.
ನಾನು ಕೇಳಿಲ್ಲ, ಅವನು ಹೇಳಿಲ್ಲ.
ಕಲ್ಲು ಇಳಿಸಿ, ಸ್ವಿಚ್ಚು ಒತ್ತಿ,
ಸೊನ್ನೆ ಬಂದ ಮೇಲೆ ಮತ್ತೆ ಇಟ್ಟೆ.
ಐದು. ಚುಕ್ಕಿ. ಆರು, ಐದು, ಸೊನ್ನೆ.
ಕೋಳಿ ಕೂಗಿತು. ಅದು ದಿನಾ ಕೂಗುತ್ತದೆ.

ವರದಿಯ ಫಾರಂ ತುಂಬಲು ಇಡೀ ಭಾನುವಾರ ಹಿಡಿಯಿತು.
ಮುನ್ನೂರ ನಲವತ್ತು ರೂಪಾಯಿಗೆ ಬಿಲ್ಲಿಲ್ಲ:
ಚಹಾ, ಮಂಡಕ್ಕಿ, ಮೆಣಸಿನಕಾಯಿ.
ಕಾಲಂ ಏಳು: ಸಾಧಿಸಿದ ಫಲಿತಾಂಶ.
ಅಂಕಿಯಲ್ಲಿ ಮಾತ್ರ ಬರೆಯಿರಿ.
ಪೆನ್ನು ಕಚ್ಚಿಕೊಂಡು ಕೂತಿದ್ದು
೬೫೦ ಅಂತ ಬರೆದೆ.

ನಿನ್ನೆ ಮೇಡಂ ಫೋನು.
"ಆರುನೂರ ಐವತ್ತು ಜನಕ್ಕೆ ಉಪಯೋಗವಾಯಿತೇ! ಭೇಷ್."
ನಮ್ಮ ಹಟ್ಟಿಯಲ್ಲಿರುವುದೇ ಮುನ್ನೂರ ಹತ್ತು ಜನ,
ಪಾಲಯ್ಯಜ್ಜನ ಕೋಲು ಬಿಟ್ಟು.
ಗ್ರಾಂ ಮೇಡಂ, ಅದು ಗ್ರಾಂ, ಅನ್ನಬೇಕಿತ್ತು.
ಅಷ್ಟರಲ್ಲಿ ಬೋರಕ್ಕ ಬಂದು ಪುಟ್ಟಿ ಇಳಿಸಿದಳು.
ತೂಗುವಾಗ ನಾನು ಮಾತಾಡುವುದಿಲ್ಲ.